ಟನ್ ಅಲ್ಲ, ಎತ್ತರ ನೋಡಿ: ಒಂದೇ ಜಾಕಿನಲ್ಲಿ ನಾಲ್ಕೂ ಚಕ್ರ ಎತ್ತಿದ ಲೆಕ್ಕ

ಒಂದೇ ಟ್ರಾಲಿ ಜಾಕಿನಲ್ಲಿ (ಗಾಲಿ ಮೇಲೆ ಉರುಳೋ ಹೈಡ್ರಾಲಿಕ್ ಜಾಕ್) ಕಾರಿನ ನಾಲ್ಕೂ ಚಕ್ರ ನೆಲ ಬಿಡಿಸಿ ಸ್ಟ್ಯಾಂಡ್ (ಎತ್ತಿದ ಕಾರನ್ನ ಹೊತ್ತು ನಿಲ್ಲೋ ಆಸರೆ) ಮೇಲೆ ಕೂರಿಸೋಕೆ ಆಗಲ್ಲ, ಅದಕ್ಕೆ ಲಿಫ್ಟೇ ಬೇಕು ಅಂದವರೇ ಹೆಚ್ಚು. ಆಗುತ್ತೆ. ಈಗ ಇಪ್ಪತ್ತು ನಿಮಿಷದ ಕೆಲಸ. ಆದರೆ ಮೊದಲ ಜಾಕಿಗೆ ಹಾಕಿದ ದುಡ್ಡು ಪೂರ್ತಿ ದಂಡ.

ಅದು 2 ಟನ್ನಿನದು, ಭಾರಕ್ಕೆ ಏನೂ ಕಮ್ಮಿ ಇರಲಿಲ್ಲ. 1200 ಕಿಲೋ ಕಾರಿನ ಮುಂಭಾಗ ಎತ್ತಿದರೆ ಜಾಕಿಗೆ ಬೀಳೋದು 700 ಕಿಲೋ ಆಸುಪಾಸು. ಕೈಕೊಟ್ಟಿದ್ದು ಎತ್ತರ: ಗರಿಷ್ಠ 330 ಮಿ.ಮೀ. ಬಾಡಿ ಮೇಲೆದ್ದಂತೆ ಸಸ್ಪೆನ್ಷನ್ ಇಳಿಬಿದ್ದು ಚಕ್ರ ನೆಲದಲ್ಲೇ ಉಳಿಯುತ್ತೆ. ಮೊದಲ 80–100 ಮಿ.ಮೀ. ಹೀಗೇ ಕಳೆದುಹೋಗುತ್ತೆ. ಸ್ಟ್ಯಾಂಡ್ ಮೊದಲ ಹಲ್ಲಿಗೆ, ಅಂದರೆ ಅತಿ ಕಮ್ಮಿ ಎತ್ತರದ ಹಂತಕ್ಕೆ, ಹೇಗೋ ಕೂತರೂ ಟೈರಿನಡಿ ಬೆರಳು ತೂರಲ್ಲ. ಸ್ಯಾಡಲ್ (ಕಾರಿಗೆ ತಾಗೋ ಜಾಕಿನ ತಟ್ಟೆ) ಮೇಲೆ ಮರದ ತುಂಡಿಟ್ಟು ಎತ್ತರ ತುಂಬಿಸಬೇಡಿ, ಭಾರ ಬಿದ್ದಾಗ ಅದು ನಾರಿನ ಗುಂಟ ಸೀಳಿ ಜಾರುತ್ತೆ. ಇನ್ನೊಂದು, ಗಿಡ್ಡ ಜಾಕು ಮುಂದಿನ ಕ್ರಾಸ್‌ಮೆಂಬರ್ (ಕಾರಿನಡಿಯ ಅಡ್ಡ ತೊಲೆ) ಮುಟ್ಟೋ ಹೊತ್ತಿಗೆ ಜಾಕಿನ ಹಿಡಿ ಬಂಪರಿನಡಿ ಸಿಕ್ಕಿಕೊಂಡಿರುತ್ತೆ, ಪಂಪ್ ಮಾಡೋಕೆ ಜಾಗವೇ ಇರಲ್ಲ.

ಈಗಿನದು ಉದ್ದ ಚಾಸಿಯ 3 ಟನ್ನಿನ ಉಕ್ಕಿನ ಜಾಕ್. ಕನಿಷ್ಠ ಎತ್ತರ 80 ಮಿ.ಮೀ. ಹತ್ತಿರ, ಗರಿಷ್ಠ 490 ಇರಬೇಕು. ತೂಕ ಮೂವತ್ತು ಕಿಲೋ ದಾಟುತ್ತೆ, ಬೆಲೆ ಹಳೇದರ ಎರಡೂವರೆ ಪಟ್ಟು. ಅಲ್ಯೂಮಿನಿಯಂದು ಹಗುರ ನಿಜ, ಆದರೆ ಆ ದುಡ್ಡಿನಲ್ಲಿ ಇನ್ನೊಂದು ಜೊತೆ ಸ್ಟ್ಯಾಂಡ್ ಬರುತ್ತೆ.

ಸ್ಟ್ಯಾಂಡ್ ಮೇಲೆ ಬರೆದ ಟನ್ ಒಂದರದೋ ಜೊತೆಯದೋ ಓದಿ ನೋಡಿ. ಜೊತೆಗೆ 3 ಟನ್ ಅಂದರೆ ಒಂದಕ್ಕೆ ಒಂದೂವರೆ. ರ‍್ಯಾಚೆಟ್ (ಹಲ್ಲಿಗೆ ಕಚ್ಚಿ ನಿಲ್ಲೋ ಬೀಗ) ಇದ್ದರೆ ಹಲ್ಲು ಪೂರ್ತಿ ಕಚ್ಚಿದೆಯಾ ಅಂತ ಅದರ ಹಿಡಿಯನ್ನ ಕೈಯಲ್ಲಿ ಒತ್ತಿ ನೋಡಬೇಕು. ನನಗೆ ಪಿನ್ ಇರೋದೇ ಇಷ್ಟ, ಕಣ್ಣಿಗೆ ಕಾಣುತ್ತೆ. ಕಾಂಕ್ರೀಟ್ ಬ್ಲಾಕ್ ಬೇಡವೇ ಬೇಡ, ಸುಳಿವು ಕೊಡದೆ ಪುಡಿಯಾಗುತ್ತೆ.

ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯೋದು ಹಿಂದಿನ ಚಕ್ರ ಮಾತ್ರ. ಆದ್ದರಿಂದ ಹಿಂದೆ ಎರಡೂ ಕಡೆ ಅಡೆ ಕೊಟ್ಟು ಮುಂದಿನದು ಮೊದಲು. ಸ್ಯಾಡಲ್ ನೇರ ಏರಲ್ಲ, ಕಮಾನಿನಂತೆ ಸಾಗುತ್ತೆ. ಅದಕ್ಕೆ ಸರಿಯಾಗಿ ಜಾಕು ಉರುಳಲೇಬೇಕು. ಚಿಕ್ಕ ಕಬ್ಬಿಣದ ಗಾಲಿ ಒಂದು ಕಲ್ಲಿಗೋ ಸಂದಿಗೋ ಸಿಕ್ಕಿದರೆ ಜಾಕಿನ ಬದಲು ಕಾರೇ ಎಳೆದುಕೊಂಡು ಬರುತ್ತೆ. ಮುಂದಿನದು ಆಗಲೇ ಸ್ಟ್ಯಾಂಡ್ ಮೇಲಿದ್ದಾಗ ಹೀಗಾದರೆ ಕಥೆ ಮುಗೀತು. ಗುಡಿಸಿದ ಗಟ್ಟಿ ಕಾಂಕ್ರೀಟ್ ಇಲ್ಲವಾದರೆ ಜಾಕಿನಡಿ ದಪ್ಪ ತಗಡು ಹಾಸಿ. ಡಾಂಬರಾದರೆ ಸ್ಟ್ಯಾಂಡಿನಡಿ 18 ಮಿ.ಮೀ. ಪ್ಲೈವುಡ್ ಬೇಕೇ ಬೇಕು, ಬಿಸಿಲಿಗೆ ಕಾಲು ಹೂತುಹೋಗುತ್ತೆ.

ಮುಂದಿನ ಎರಡು ಸ್ಟ್ಯಾಂಡೂ ಅತಿ ಕೆಳಗಿನ ಹಲ್ಲಿನಲ್ಲೇ ಇರಲಿ. ಆಮೇಲೆ ಹಿಂದಿನದು, ಒಂದೊಂದೇ ಬದಿ, ಮ್ಯಾನ್ಯುಯಲ್ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು. ಟಾರ್ಷನ್ ಬೀಮಿನ (ಹಿಂದಿನ ಎರಡು ಚಕ್ರ ಜೋಡಿಸೋ ಅಡ್ಡ ತೊಲೆ) ನಡುವೆ ಎತ್ತಿದರೆ ಅದು ಬಾಗಬಹುದು. ನಾಲ್ಕೂ ಕೂತ ಮೇಲೆ ಎರಡನೇ ಸುತ್ತು, ಮೂಲೆಗೆ ಒಂದೇ ಹಲ್ಲಿನಷ್ಟು. ಒಂದೇ ಏಟಿಗೆ ಪೂರ್ತಿ ಎತ್ತಿದರೆ ಎದುರು ಮೂಲೆಯ ಸ್ಟ್ಯಾಂಡ್ ವಾಲುತ್ತೆ. ನನ್ನ ಸುತ್ತು ಎಲ್ಲಿಂದ ಶುರುವಾಗುತ್ತೆ ಅನ್ನೋದನ್ನ ಮಾತ್ರ ಹೇಳಲ್ಲ. ಪಿಂಚ್ ವೆಲ್ಡಿಗೆ (ಬಾಗಿಲ ಕೆಳಗಿನ ತಗಡಿನ ಅಂಚು) ತೋಡು ಕೊರೆದ ರಬ್ಬರ್ ಪ್ಯಾಡ್ ಕೂಡ ಸ್ವಂತದ್ದು, ಅದರ ಅಳತೆಯೂ ಗುಟ್ಟೇ.

ಒಂದು ಅಡ್ಡ ಪ್ರಯೋಗ: ಕಾರು ಸ್ಟ್ಯಾಂಡ್ ಮೇಲಿದ್ದಾಗ ಜಾಕಿನಲ್ಲಿ ಮೂಲೆಯೊಂದನ್ನ ಇನ್ನೊಂದಿಷ್ಟು ಎತ್ತಿ, ಸೀಮೆಸುಣ್ಣದ ಗುರುತು ಹಾಕಿ ರಾತ್ರಿಯಿಡೀ ಬಿಟ್ಟೆ. ಹೊಸ ಜಾಕು ಐದಾರು ಮಿ.ಮೀ. ಇಳಿದಿತ್ತು, ಹಳೇದರಲ್ಲಿ ಮಾಡಿದಾಗ ಮೂವತ್ತು ದಾಟಿತ್ತು. ಹಳೇದಕ್ಕೆ ರಿಲೀಸ್ ವಾಲ್ವ್ ತೆರೆದು ಹತ್ತು ಸಲ ಪಂಪ್ ಮಾಡಿ ಗಾಳಿ ತೆಗೆದೆ. ಪಂಪ್ ಗಟ್ಟಿಯಾಯ್ತು, ಇಳಿಯೋದು ನಿಲ್ಲಲಿಲ್ಲ. ಅಂದರೆ ಸೀಲೋ ವಾಲ್ವೋ ಹೋಗಿದೆ. ಆಯಿಲ್ ತುಂಬುವಾಗ ಹೈಡ್ರಾಲಿಕ್ ಜಾಕ್ ಆಯಿಲ್ಲೇ ಹಾಕಿ, ಬ್ರೇಕ್ ಫ್ಲೂಯಿಡ್ ಹಾಕಿದರೆ ಸೀಲ್ ಊದಿಕೊಂಡು ಹಾಳಾಗುತ್ತೆ.