ಪ್ಯಾರಾ ಪಕ್ಕ ಒಂದು ಪೆನ್ಸಿಲ್: ಡಾಕ್ಸ್ ಅನುವಾದ ತಿದ್ದೋದು ಸುಲಭವಾದ ಬಗೆ

ಡಾಕ್ಸ್, ಅಂದರೆ ಸಾಫ್ಟ್‌ವೇರ್ ಕೈಪಿಡಿಯ ಅನುವಾದ ಓದುವಾಗ ಪ್ಯಾರಾದಲ್ಲಿ ತಪ್ಪು ಕಂಡರೆ ಅಲ್ಲೇ ಪೆನ್ಸಿಲ್ ಗುರುತು ಒತ್ತಬೇಕು, ನೇರ ಆ ಸಾಲಿಗೇ ಹೋಗಬೇಕು. ನನ್ನ ಹಟ ಇಷ್ಟೇ ಇತ್ತು. ಡಾಕ್ಸ್ ಪುಟಗಳನ್ನು ಕಟ್ಟುವ ಸ್ಫಿಂಕ್ಸ್, ಅನುವಾದ ನಿಭಾಯಿಸುವ ಗೆಟ್‌ಟೆಕ್ಸ್ಟ್ ಇಟ್ಟುಕೊಂಡು ಇದು ಆಗೋ ಮಾತಲ್ಲ ಅಂತ ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಂದಿದ್ದರು. ಈಗ ತಿಂಗಳುಗಟ್ಟಲೆ ನಡೆಯುತ್ತಿದೆ.

ಥೀಮ್ ಜೊತೆ ಬರುವ ಎಡಿಟ್ ಲಿಂಕ್ ಗೊತ್ತಲ್ವಾ, ಕನ್ನಡ ಪುಟದಲ್ಲಿ ಒತ್ತಿದರೂ ಇಂಗ್ಲಿಷ್ ಫೈಲೇ ತೆರೆಯುತ್ತದೆ. ಮೊದಲು ಅದನ್ನು ಪಿಒ ಫೈಲಿಗೆ (ಮೂಲ ವಾಕ್ಯ, ಅದರ ಅನುವಾದ ಜೋಡಿಯಾಗಿ ಇರುವ ಫೈಲ್) ತಿರುಗಿಸಿದೆವು. ಕಷ್ಟ ಇನ್ನೂ ಜಾಸ್ತಿ ಆಯ್ತು. ಯಾರೋ ಅದರಲ್ಲಿ ಅನುವಾದ ಬರೆಯುವ ಎಂಎಸ್‌ಜಿ‌ಸ್ಟ್ರಿಂಗ್ ಒಳಗೆ "ಉಳಿಸು" ಅಂತ ಉದ್ಧರಣ ಚಿಹ್ನೆ ಹಾಕುತ್ತಾರೆ, ಮುಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲ, ಬಿಲ್ಡ್ (ಪುಟಗಳನ್ನು ತಯಾರಿಸುವ ಕೆಲಸ) ಅಲ್ಲಿಗೇ ನಿಂತಿತು. ಬಂದ ತಿದ್ದುಪಡಿಗಳಲ್ಲಿ ಅರ್ಧದಷ್ಟು ಹೀಗೇ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಇನ್ನು ಒಬ್ಬೊಬ್ಬರ ಎಡಿಟರ್ ಸಾಲುಗಳನ್ನು ಒಂದೊಂದು ಕಡೆ ಮುರಿಯುತ್ತದೆ, ಒಂದು ಪದ ತಿದ್ದಿದರೆ ಬದಲಾವಣೆ ತೋರಿಸುವ ಡಿಫ್‌ನಲ್ಲಿ ನೂರು ಸಾಲು. ಎಂಎಸ್‌ಜಿಕ್ಯಾಟ್ ಎಂಬ ಸಲಕರಣೆ‌ಗೆ ನೋ-ರ್‍ಯಾಪ್ (ಸಾಲು ಮುರಿಯಬೇಡ) ಕೊಟ್ಟು ಎಲ್ಲ ಪಿಒ ಫೈಲ್‌ಗಳನ್ನೂ ಹಾಯಿಸಿ, ವಾಕ್ಯ ಮೂಲದಲ್ಲಿ ಎಲ್ಲಿದೆ ಅಂತ ಬರೆಯುವ ಗೆಟ್‌ಟೆಕ್ಸ್ಟ್ ಲೊಕೇಶನ್ ಆಫ್ ಮಾಡಿದ ಮೇಲೆ ಆ ಗದ್ದಲ ನಿಂತಿತು.

ಆಮೇಲೆ ವೆಬ್ಲೇಟ್ (ಬ್ರೌಸರ್‌ನಲ್ಲೇ ಅನುವಾದ ತಿದ್ದುವ ತಾಣ) ನಮ್ಮ ಸರ್ವರ್‌ನಲ್ಲಿ ನಾವೇ ಹಾಕಿಕೊಂಡೆವು. 2 ಜಿಬಿ ಮೆಷಿನ್ ಉಸಿರುಗಟ್ಟಿತು. ದೊಡ್ಡದು ತಗೊಂಡರೆ ಬಾಡಿಗೆ ಹತ್ತಿರಹತ್ತಿರ ಎರಡರಷ್ಟು, ಕೆಲವು ತಿಂಗಳು ಅದನ್ನು ನನ್ನ ಕೈಯಿಂದಲೇ ಕಟ್ಟಿದೆ. ದುಡ್ಡು ಹೊಂದಿದ್ದು ಬೇರೆ ಕಡೆಯಿಂದ. ಮೊದಲು ಪ್ರತಿ ಕಮಿಟ್, ಅಂದರೆ ಸೇರಿಸಿದ ಪ್ರತಿ ಬದಲಾವಣೆ‌ಗೂ ಎಲ್ಲ ಭಾಷೆಗಳ ಬಿಲ್ಡ್ ಓಡುತ್ತಿತ್ತು. ಈಗ ಯಾವ ಭಾಷೆಯ ಪಿಒ ಬದಲಾಯಿತೋ ಅದಷ್ಟೇ. ಅಲ್ಲಿ ಉಳಿದ ಬಿಲ್ಡ್ ಖರ್ಚಿನಲ್ಲೇ ಸರ್ವರ್ ಬಾಡಿಗೆ ನಡೆಯುತ್ತಿದೆ.

ಪೆನ್ಸಿಲ್‌ಗೆ ದಾರಿ ಸಿಕ್ಕಿದ್ದು ಸ್ಫಿಂಕ್ಸ್ 7.1ರಲ್ಲಿ. ಟ್ರಾನ್ಸ್‌ಲೇಶನ್ ಪ್ರೋಗ್ರೆಸ್ ಕ್ಲಾಸಸ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಅನುವಾದ ಆದ, ಆಗದ ಪ್ಯಾರಾಗಳಿಗೆ ಬೇರೆ ಬೇರೆ ಕ್ಲಾಸ್ (ಎಚ್‌ಟಿಎಂಎಲ್‌ನ ಗುರುತುಚೀಟಿ) ಅಂಟುತ್ತದೆ. ಅದನ್ನು ಹಿಡಿದು ಚಿಕ್ಕ ಸ್ಕ್ರಿಪ್ಟ್ ಪೆನ್ಸಿಲ್ ಕೂರಿಸುತ್ತದೆ, ಒತ್ತಿದರೆ ವೆಬ್ಲೇಟ್‌ನಲ್ಲಿ ಆ ಸ್ಟ್ರಿಂಗ್ (ಅನುವಾದದ ತುಣುಕು) ತೆರೆಯುತ್ತದೆ. ಒಂದೇ ವಾಕ್ಯ ನಾಲ್ಕು ಫೈಲ್‌ಗಳಲ್ಲಿದ್ದರೂ ಸರಿಯಾದದ್ದೇ ತೆರೆಯುತ್ತದೆ. ಅದು ಹೇಗೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ. ಬ್ರೌಸರ್‌ನಲ್ಲಿ ಹುಡುಕಬೇಡಿ, ಯಾವ ಸ್ಟ್ರಿಂಗ್ ಅನ್ನೋದನ್ನು ಬಿಲ್ಡ್ ಆಗುವಾಗಲೇ ಗೊತ್ತುಮಾಡಿ, ಇಷ್ಟು ಸಾಕು. ಅಕೌಂಟ್ ಇಲ್ಲದವರೂ ಸಲಹೆ ಹಾಕುವಂತೆ ಬಿಟ್ಟಿದ್ದೇನೆ, ಇಬ್ಬರು ನೋಡಿ ಒಪ್ಪುತ್ತಾರೆ. ಮೊದಲು ವಾರಕ್ಕೆ ಒಂದೆರಡು ತಿದ್ದುಪಡಿ ಬಂದರೆ ಹೆಚ್ಚು, ಈಗ ಮೂವತ್ತು ನಲವತ್ತಕ್ಕೆ ಮೋಸ ಇಲ್ಲ.

ನಡುವೆ ಖಾಲಿ ಸ್ಟ್ರಿಂಗ್‌ಗಳಿಗೆ ಯಂತ್ರಾನುವಾದ ತುಂಬಿ ನೋಡಿದೆ. ಜನ ಓದದೆ ಸುಮ್ನೆ ಒಪ್ಪಿಗೆ ಒತ್ತುತ್ತಾ ಹೋದರು, ತೆಗೆದುಹಾಕಿದೆ.

ಕನ್ನಡದವರಿಗೆ ಇನ್ನೊಂದು ಮಾತು. ಆರ್‌ಎಸ್‌ಟಿಯಲ್ಲಿ (ಡಾಕ್ಸ್ ಬರೆಯುವ ಮಾರ್ಕಪ್ ಬಗೆ) ``ಪಿಪ್``ನಲ್ಲಿ ಅಂತ ವಿಭಕ್ತಿ ಅಂಟಿಸಿ ಬರೆದರೆ ಮಾರ್ಕಪ್ ಒಡೆಯುತ್ತದೆ, ನಡುವೆ ಬ್ಯಾಕ್‌ಸ್ಲ್ಯಾಶ್ ಮತ್ತು ಸ್ಪೇಸ್ ಬೇಕು. ಹೊಸಬರಿಗೆ ಅದನ್ನು ಕಲಿಸುತ್ತಾ ಕೂರೋದು ಬೇಡ ಅಂತ ಆರ್‌ಎಸ್‌ಟಿ ಓದುವ ಡಾಕ್‌ಯುಟಿಲ್ಸ್‌ನ ಕ್ಯಾರೆಕ್ಟರ್ ಲೆವೆಲ್ ಇನ್‌ಲೈನ್ ಮಾರ್ಕಪ್ ಸೆಟ್ಟಿಂಗ್ ಆನ್ ಮಾಡಿದೆ, ದೂರು ನಿಂತಿತು.

ಟೇಬಲ್ ಒಳಗಿನ ಸಾಲುಗಳಿಗೆ ಪೆನ್ಸಿಲ್ ಇನ್ನೂ ಸರಿಯಾಗಿ ಕೂರುತ್ತಿಲ್ಲ. ಈಗ ಕೈ ಹಾಕಿರುವುದು ಅದಕ್ಕೇ.