ಸರಸ್ವತಿ ಪೂಜೆಗೆ ಇಟ್ಟ ಚಿತ್ರಪುಸ್ತಕ

ಮಳೆಗಾಲ ಮುಗಿದು ಅಂಗಳ ಒಣಗುತ್ತಿದ್ದ ಹಾಗೆ ನಮ್ಮ ಮನೆಯ ಚಿತ್ರಪುಸ್ತಕಗಳು ಜಗಲಿಗೆ ಬರುತ್ತವೆ. ದಸರಾ ರಜೆಯಿಂದ ದೀಪಾವಳಿವರೆಗೆ ಸಂಜೆ ಅರ್ಧ ಗಂಟೆ ಅಲ್ಲೇ ನಮ್ಮ ಓದು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರದ ಊರು. ಮಗಳಿಗೆ 6 ವರ್ಷ, ಮಗನಿಗೆ 4.

ಮೊದಮೊದಲು ನಾನು ಸಾಲುಗಳ ಮೇಲೆ ಬೆರಳಿಟ್ಟು ಗಡಗಡ ಓದಿ ಪುಟ ತಿರುವುತ್ತಿದ್ದೆ. ಪುಟಕ್ಕೆ ಇರುವುದೇ ಎರಡು ಸಾಲು. ಮಗ ನನ್ನ ಕೈ ಹಿಡಿದು "ಇರು ಅಮ್ಮಾ" ಅನ್ನುತ್ತಿದ್ದ. ಏನು ನೋಡ್ತಿದ್ದೀಯ ಅಂತ ನಾನು ಕೇಳುತ್ತಲೇ ಇರಲಿಲ್ಲ.

ಹೋದ ವರ್ಷ ನವರಾತ್ರಿಯ ಸಪ್ತಮಿಯಂದು ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವಾಗ ಮಗಳು ತನ್ನ ಇಷ್ಟದ ಆನೆಮರಿ ಪುಸ್ತಕವನ್ನೂ ತಂದು ಮೇಲಿಟ್ಟಳು. ಪೂಜೆಗೆ ಇಟ್ಟ ಮೇಲೆ ವಿಜಯದಶಮಿವರೆಗೆ ಮುಟ್ಟುವ ಹಾಗಿಲ್ಲ. ರಾತ್ರಿ ಮಗ ಅದೇ ಪುಸ್ತಕ ಬೇಕೆಂದು ಅಳತೊಡಗಿದ. ಅತ್ತೆ ಮಗಳಿಗೆ, "ಪುಸ್ತಕ ಇಲ್ದಿದ್ರೇನಾಯ್ತು, ನೀನೇ ಹೇಳೇ ಪುಟ್ಟಿ" ಅಂದರು.

ಅವಳು ಗಾಳಿಯಲ್ಲೇ ಪುಟ ತಿರುವುತ್ತಾ ಹೇಳಿದಳು. "ಇಲ್ಲಿ ಆನೆಮರಿ ಕೆರೆಗೆ ಇಳೀತಿದೆ. ಆಚೆ ದಡದಲ್ಲಿ ಒಬ್ಬಳು ಬಟ್ಟೆ ಒಗೀತಿದಾಳೆ. ಅವಳ ಬಕೆಟ್ ಮೇಲೆ ಕಪ್ಪೆ ಕೂತಿದೆ." ಕಪ್ಪೆಯಾ? ಕಡಿಮೆ ಅಂದರೂ ಇಪ್ಪತ್ತು ಸಲ ಓದಿದ್ದೆ, ಕಪ್ಪೆ ನೋಡಿರಲಿಲ್ಲ. ದಶಮಿಯ ದಿನ ಪುಸ್ತಕ ತೆಗೆದ ಕೂಡಲೇ ಹುಡುಕಿದೆ. ಇತ್ತು! ಪ್ರತಿ ಪುಟದಲ್ಲೂ ಇತ್ತು. ಪುಟ ಕಳೆದ ಹಾಗೆ ಆನೆಮರಿಗೆ ಹತ್ತಿರ ಬರುತ್ತಾ, ಕೊನೆಗೆ ಅದರ ಬೆನ್ನೇರುತ್ತದೆ. ಕಥೆಯ ಸಾಲುಗಳಲ್ಲಿ ಕಪ್ಪೆ ಅನ್ನುವ ಮಾತೇ ಇಲ್ಲ. ಚಿತ್ರ ಬರೆದವರು ಇನ್ನೊಂದು ಕಥೆ ಹೇಳಿದ್ದರು. ಮಕ್ಕಳು ಅದನ್ನೂ ಓದುತ್ತಿದ್ದರು.

ಅಲ್ಲಿಂದ ಹೊಸ ಪುಸ್ತಕ ಬಂದರೆ ಮೊದಲ ಸಂಜೆ ಚಿತ್ರ ಮಾತ್ರ ನೋಡುತ್ತೇವೆ. ಪುಟ ತಿರುವುವುದು ಮಗನ ಕೆಲಸ. ನಾನು ಕೇಳುವುದು ಒಂದೇ ಪ್ರಶ್ನೆ, "ಇಲ್ಲಿ ಏನಾಗ್ತಿದೆ?" ಇದೇನು ಬಣ್ಣ, ಇದೆಷ್ಟು ಹಕ್ಕಿ ಅಂತ ಕೇಳಿದರೆ ಮಕ್ಕಳಿಗೆ ಅದು ಪರೀಕ್ಷೆ ಆಗಿಬಿಡುತ್ತದೆ. ಎರಡನೇ ಸಂಜೆ ಸಾಲುಗಳನ್ನು ಓದುತ್ತೇನೆ. ತಾವು ಕಟ್ಟಿಕೊಂಡ ಕಥೆಗೂ ಇದಕ್ಕೂ ಎಲ್ಲಿ ಜಗಳ ಅಂತ ಅವರು ಕಿವಿ ನೆಟ್ಟಗೆ ಮಾಡಿ ಕೂರುತ್ತಾರೆ. ವಾರಕ್ಕೆ ಒಂದೇ ಪುಸ್ತಕ. ಜಾಸ್ತಿ ಬೇಕಾಗಿಲ್ಲ.

ದಶಮಿ ಕಳೆದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಪಕ್ಕದ ಮನೆಯ ದೀವರ ಸಮುದಾಯದ ಅಜ್ಜಿ, ಭೂಮಣ್ಣಿ ಬುಟ್ಟಿ ಅನ್ನುವ ಹಬ್ಬದ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಬುಟ್ಟಿ, ಅಕ್ಕಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಬಸಿರಾದ ಭತ್ತದ ಗದ್ದೆಗೆ ಬಯಕೆಯ ಅಡುಗೆ ಹೊರುವ ಬುಟ್ಟಿ ಅದು. ಮಗಳು ಅದರ ಸುತ್ತ ಬೆರಳಾಡಿಸಿ, "ಅಜ್ಜಿ, ಇದು ಎಲ್ಲಿಂದ ಶುರು?" ಅಂದಳು. ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ಭತ್ತದ ಸಸಿ, ಅಡಿಕೆ ಮರ, ಜನ ಎಲ್ಲ ತೋರಿಸಿದರು. ಮನೆಗೆ ಬರುವಾಗ ಮಗಳು, "ಅಮ್ಮಾ, ಚಿತ್ರಾನೂ ಬರೀತೀವಿ, ಅಕ್ಷರಾನೂ ಬರೀತೀವಿ. ಎರಡನ್ನೂ ಓದಬಹುದು ಅಲ್ವಾ?" ಅಂದಳು. ನನಗೆ ಎಂದೂ ಹೊಳೆದಿರಲಿಲ್ಲ.

ಪುಸ್ತಕ ಎಲ್ಲಿಂದ ಅಂತ ಕೇಳುತ್ತಾರೆ. ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ ಒಂದಷ್ಟು ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಓದಿನ ಮಟ್ಟ 1ರಿಂದ 4ರವರೆಗೆ ಇದೆ. ನಾಲ್ಕು ವರ್ಷದವನಿಗೆ 1 ಸಾಕು. ಮೊಬೈಲಿನಲ್ಲಿ ತೋರಿಸಿ ನೋಡಿದೆ. ಮಗ ಸರಸರ ಸರಿಸಿ ಮುಗಿಸಿಬಿಟ್ಟ. ಈಗ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ ಹೊಲಿಯುತ್ತೇನೆ, ಬಣ್ಣ ಅವರೇ ತುಂಬುತ್ತಾರೆ. ಹಿಂಗಾರು ಮಳೆ ಗುಡುಗಿ ಕರೆಂಟು ಹೋದರೆ ಟಾರ್ಚ್ ಬೆಳಕಲ್ಲಿ ಓದು. ಆಗ ಚಿತ್ರದ ಒಂದೊಂದು ಮೂಲೆ ಮಾತ್ರ ಕಾಣುತ್ತದೆ. ಅವರಿಗೆ ಅದೇ ಹೆಚ್ಚು ಇಷ್ಟ.

ಈ ವರ್ಷ ಸಪ್ತಮಿಗೆ ಮಗಳು ತಾನೇ ಬರೆದ ಪುಸ್ತಕ ಪೂಜೆಗಿಟ್ಟಳು. ಒಂದು ಎ4 ಹಾಳೆ ಮಡಚಿ ಮಾಡಿದ ಎಂಟು ಪುಟ. ಅಕ್ಷರ ಒಂದೂ ಇಲ್ಲ. ದಶಮಿಯ ದಿನ ತೆಗೆದು ನನ್ನ ಕೈಗೆ ಕೊಟ್ಟಳು. ಪ್ರತಿ ಪುಟದಲ್ಲೂ ಕಪ್ಪೆ ಇದೆಯಂತೆ. ಐದು ಸಿಕ್ಕಿವೆ, ಇನ್ನು ಮೂರು ಹುಡುಕಬೇಕು.