ಹಳೆಯ ಚಿತ್ರಸಂಗೀತವನ್ನು ಮತ್ತೆ ನುಡಿಸುವ ಮೊದಲು

ಹಳೆಯ ಚಲನಚಿತ್ರಗಳ ಹಿನ್ನೆಲೆ ಸಂಗೀತವನ್ನು ಹೊಸ ವಾದ್ಯವೃಂದದಿಂದ ನುಡಿಸಿ ಧ್ವನಿಮುದ್ರಿಸಿದ ಆಲ್ಬಮ್‌ಗಳ ಬಗ್ಗೆ ಕೇಳುಗರು ಹೇಳುವ ದೂರು ಸಾಮಾನ್ಯವಾಗಿ ಒಂದೇ: ಸದ್ದು ಸ್ವಚ್ಛವಾಗಿದೆ, ಜೀವವಿಲ್ಲ. ಹಲವು ವರ್ಷ, ಧ್ವನಿಮುದ್ರಣಕ್ಕೆಂದು ಕೂಡಿಸುವ ಸೆಷನ್ ಆರ್ಕೆಸ್ಟ್ರಾಗಳಲ್ಲಿ ಪಿಟೀಲು ನುಡಿಸಿ, ಆಮೇಲೆ ಇಂಥ ಧ್ವನಿಮುದ್ರಣಗಳಿಗೆ ಸ್ವರಲಿಪಿ ಸಿದ್ಧಪಡಿಸುವ ಕೆಲಸಕ್ಕೆ ಬಂದ ನನಗೆ ಆ ದೂರನ್ನು ತಳ್ಳಿಹಾಕುವ ಮನಸ್ಸಿಲ್ಲ. ಆದರೆ ಅದಕ್ಕೆ ಕೊಡುವ ಕಾರಣ, ಅಂದರೆ ದಿನಗೂಲಿಗೆ ಬಂದ ವಾದಕರಿಗೆ ಆ ಸಂಗೀತದ ಮೇಲೆ ಅಕ್ಕರೆ ಇರುವುದಿಲ್ಲ ಎಂಬುದು, ನಾನು ಕಂಡಂತೆ ನಿಜವಲ್ಲ. ಜೀವ ಹೋಗುವುದು ಬಹುಪಾಲು ಅದಕ್ಕೂ ಮೊದಲು, ಕಾಗದದ ಮೇಲೆ.

ಸೆಷನ್ ಎಂದರೆ ಸಾಮಾನ್ಯವಾಗಿ ಮೂರು ಗಂಟೆ. ವಾದಕರು ಬಂದು ಕುಳಿತಾಗ ಸ್ಟ್ಯಾಂಡಿನ ಮೇಲಿರುವ ಪಾರ್ಟನ್ನು, ಅಂದರೆ ಇಡೀ ವೃಂದದ ಸ್ಕೋರ್‌ನಿಂದ ತಮ್ಮ ವಾದ್ಯಕ್ಕಷ್ಟೇ ಬಿಡಿಸಿ ಬರೆದ ಸ್ವರಲಿಪಿಯನ್ನು, ಹೆಚ್ಚಿನವರು ಅದೇ ಮೊದಲ ಸಲ ನೋಡುತ್ತಿರುತ್ತಾರೆ. ಒಮ್ಮೆ ಓದಿಕೊಂಡು ನುಡಿಸುತ್ತಾರೆ, ಎರಡನೆಯ ಸಲಕ್ಕೆ ಮುದ್ರಣ ಶುರು. ಇಷ್ಟರ ನಡುವೆ ಎರಡನೆಯ ಕ್ಲಾರಿನೆಟ್‌ನವರು ಕೈಯೆತ್ತಿ, ‘ಹದಿನೇಳನೆಯ ಬಾರ್‌ನಲ್ಲಿ ನನಗಿರುವುದು ಎಫ್ ಸ್ವರ, ಸ್ಕೋರ್‌ನಲ್ಲೂ ಹಾಗೇ ಇದೆಯೇ?’ ಎಂದು ಕೇಳಿದರೆ ಆ ಬಾರನ್ನು, ಅಂದರೆ ತಾಳದ ಒಂದು ಆವರ್ತದಷ್ಟು ಸಂಗೀತವನ್ನು, ಹುಡುಕಿ ನೋಡುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಅಂಥ ಹತ್ತು ತಪ್ಪುಗಳಿದ್ದರೆ ಹೋಗುವುದು ಇಪ್ಪತ್ತು ನಿಮಿಷ ಮಾತ್ರವಲ್ಲ, ಕಾಗದದ ಮೇಲಿನ ನಂಬಿಕೆಯೂ ಹೋಗುತ್ತದೆ. ನಂಬಿಕೆ ಹೋದ ವಾದ್ಯವೃಂದ ಎಚ್ಚರಿಕೆಯಿಂದ ನುಡಿಸುತ್ತದೆ. ಯಾರೂ ಬಿಲ್ಲನ್ನು ಪೂರ್ತಿ ಎಳೆಯುವುದಿಲ್ಲ, ಯಾರೂ ಸ್ವರದ ಮೇಲೆ ಭಾರ ಹಾಕುವುದಿಲ್ಲ. ಕೇಳುಗರಿಗೆ ಅದೇ ನಿರ್ಜೀವವಾಗಿ ಕೇಳಿಸುತ್ತದೆ.

ಸೆಷನ್ ವಾದಕರಿಂದ ಏನಾಗಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕೆಂದರೆ, ಕಂಡಕ್ಟರ್ (ವಾದ್ಯವೃಂದದ ನಿರ್ದೇಶಕ) ಚಾರ್ಲ್ಸ್ ಗೆರ್ಹಾರ್ಟ್ 1972ರಿಂದ ಆರ್‌ಸಿಎ ರೆಕಾರ್ಡ್ ಕಂಪನಿಗಾಗಿ ಲಂಡನ್‌ನಲ್ಲಿ ಮಾಡಿದ ಚಿತ್ರಸಂಗೀತದ ಧ್ವನಿಮುದ್ರಣಗಳನ್ನು ಕೇಳಬೇಕು. ಅವುಗಳಲ್ಲಿ ನುಡಿಸಿದ ನ್ಯಾಷನಲ್ ಫಿಲ್ಹಾರ್ಮೋನಿಕ್ ಧ್ವನಿಮುದ್ರಣಕ್ಕೆಂದೇ ವಾದಕರನ್ನು ಕೂಡಿಸಿ ಕಟ್ಟಿದ್ದ ವೃಂದ. ಮೊದಲ ಆಲ್ಬಮ್ ಹಾಲಿವುಡ್ ಸಂಯೋಜಕ ಎರಿಕ್ ಕಾರ್ನ್‌ಗೋಲ್ಡ್ ಅವರ ಸಂಗೀತದ್ದು, ನಿರ್ಮಾಪಕರು ಅವರ ಮಗ ಜಾರ್ಜ್. ಮೂಲ ಕೃತಿಯನ್ನು ಹತ್ತಿರದಿಂದ ಬಲ್ಲವರೊಬ್ಬರು ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದುದು ಆ ಮುದ್ರಣಗಳಲ್ಲಿ ಕೇಳಿಸುತ್ತದೆ ಎಂದೇ ನನ್ನ ಭಾವನೆ.

ನಮ್ಮ ಪಾಲಿಗೆ ಮೂಲ ಕಾಗದ ಸಿಗುವುದೇ ಅಪರೂಪ. ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ತನ್ನ ಸಂಗೀತ ಸಂಗ್ರಹದ ಪೂರ್ಣ ಸ್ಕೋರ್‌ಗಳನ್ನೂ ಪಾರ್ಟ್‌ಗಳನ್ನೂ 1970ರ ಹೊತ್ತಿಗೆ ಕಸದಂತೆ ಎಸೆದುಬಿಟ್ಟ ಕಥೆ ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಉಳಿದಿರುವುದು ಕಂಡಕ್ಟರ್‌ಗಾಗಿ ಮೂರು ನಾಲ್ಕು ಸಾಲುಗಳಿಗೆ ಇಳಿಸಿದ ಸಂಕ್ಷಿಪ್ತ ಸ್ಕೋರ್, ಅದೂ ಇಲ್ಲದಿದ್ದರೆ ಚಿತ್ರ ಮಾತ್ರ. ಆಗ ಕಿವಿಯಿಂದ ಕೇಳಿ ಬರೆಯಬೇಕು. ಸಂಭಾಷಣೆ ಬಂದಾಗಲೆಲ್ಲ ಸಂಗೀತ ತಗ್ಗುತ್ತದೆ, ಬಾಗಿಲು ಬಡಿದ ಸದ್ದಿನಲ್ಲಿ ಎರಡು ಬಾರ್ ಮುಳುಗಿಹೋಗುತ್ತವೆ. ಫಿಲ್ಮಿನ ಅಂಚಿನಲ್ಲೇ ಬೆಳಕಿನಿಂದ ಮುದ್ರಿಸುತ್ತಿದ್ದ ಅಂದಿನ ಆಪ್ಟಿಕಲ್ ಧ್ವನಿಪಟ್ಟಿಯಲ್ಲಿ 8,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಹೆಸರಿಗಷ್ಟೇ ಇರುತ್ತದೆ. ವಾದ್ಯಗಳನ್ನು ಒಂದರಿಂದ ಒಂದು ಗುರುತಿಸುವುದಕ್ಕೆ ನೆರವಾಗುವ ಮೇಲಿನ ಸ್ವರಾಂಶಗಳು ಹಾಗೆ ಕತ್ತರಿಸಿಹೋದ ಮೇಲೆ ಕೊಳಲು ಯಾವುದು, ಸದ್ದು ತಗ್ಗಿಸುವ ಮ್ಯೂಟ್ ಹಾಕಿದ ಪಿಟೀಲು ಯಾವುದು ಎಂದು ಹೇಳುವುದು ಕಷ್ಟ. ಒಂದು ನಿಮಿಷದ ಸಂಗೀತಕ್ಕೆ ನನಗೆ ಎರಡು ದಿನ ಹಿಡಿದದ್ದೂ ಉಂಟು.

ನನ್ನ ಅತಿ ದೊಡ್ಡ ತಪ್ಪು ನಡೆದದ್ದು ಇಂಥದೇ ಕೆಲಸದಲ್ಲಿ. ಮೂರು ತುಣುಕುಗಳಿಗೆ ನನ್ನ ಬಳಿ ಇದ್ದದ್ದು ಟಿವಿ ಪ್ರಸಾರದಿಂದ ತೆಗೆದಿಟ್ಟ ಪ್ರತಿ ಮಾತ್ರ. ಕೇಳಿದೆ, ಪಿಯಾನೋದೊಂದಿಗೆ ಹೋಲಿಸಿದೆ, ಎ ಫ್ಲಾಟ್ ಮೇಜರ್ ಸ್ವರಶ್ರೇಣಿ ಎಂದು ತೀರ್ಮಾನಿಸಿ ಬರೆದೆ. ಶ್ರುತಿ ತುಸು ತಗ್ಗಿದಂತಿದ್ದುದು ಹಳೆಯ ಟೇಪಿನ ದೋಷವಿರಬೇಕು ಎಂದುಕೊಂಡೆ. ಸೆಷನ್ನಿನ ದಿನ ಮೊದಲ ತುಣುಕಿನ ಆರಂಭದ ಸ್ವರಗುಚ್ಛವನ್ನು ಪಿಟೀಲುಗಳು ಮೂರು ಸಲ ನುಡಿಸಿದರೂ ಅದು ಮಂಕಾಗಿಯೇ ಬಂತು. ಮೊದಲ ಪಿಟೀಲಿನ ಮುಖ್ಯಸ್ಥರು ಬಿಲ್ಲನ್ನು ತೊಡೆಯ ಮೇಲಿಟ್ಟು ನನ್ನತ್ತ ತಿರುಗಿ, ‘ನೀವೂ ಪಿಟೀಲು ನುಡಿಸಿದವರಲ್ಲವೇ? ಇದನ್ನು ಒಮ್ಮೆ ನೀವೇ ಹಿಡಿದು ನೋಡಿ’ ಎಂದು ವಾದ್ಯವನ್ನು ನನ್ನ ಕೈಗೆ ಕೊಟ್ಟರು.

ಹಿಡಿದ ಕೂಡಲೇ ಗೊತ್ತಾಯಿತು. ಎ ಫ್ಲಾಟ್‌ನಲ್ಲಿ ಆ ಗುಚ್ಛಕ್ಕೆ, ಬೆರಳೊತ್ತದೆ ನುಡಿಸಬಲ್ಲ ಖಾಲಿ ತಂತಿ ಒಂದೂ ಸಿಗುವುದಿಲ್ಲ; ತೋರುಬೆರಳನ್ನು ಕೆಳಗಿನ ಎರಡು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯಬೇಕು. ಅರ್ಧ ಸ್ವರ ಇಳಿಸಿದರೆ ಅದು ಜಿ ಮೇಜರ್: ಜಿ ಮತ್ತು ಡಿ ಎರಡೂ ಖಾಲಿ ತಂತಿಗಳು, ಅವುಗಳ ಮೇಲೆ ಒಂದೊಂದೇ ಬೆರಳಿಗೆ ಬಿ ಮತ್ತು ಜಿ, ಇಡೀ ವಾದ್ಯ ಗುಂಯ್ಯೆನ್ನುತ್ತದೆ. ಪಿಟೀಲು ಬಲ್ಲ ಯಾವ ಸಂಯೋಜಕನೂ ಅಲ್ಲಿ ಎ ಫ್ಲಾಟ್ ಬರೆಯುತ್ತಿರಲಿಲ್ಲ.

ತಪ್ಪು ಎಲ್ಲಿಂದ ಬಂತೆಂಬುದು ಆಮೇಲೆ ಹೊಳೆಯಿತು. ಚಲನಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ (PAL) ಪ್ರಸಾರ ಪದ್ಧತಿಯ ಟಿವಿಯಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. ವೇಗ ಶೇ. 4ರಷ್ಟು ಹೆಚ್ಚಿ ಶ್ರುತಿ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲು ಏರುತ್ತದೆ. ಉಳಿದ ಕಾಲು ಪಾಲನ್ನು ನಾನು ಟೇಪಿನ ತಲೆಗೆ ಕಟ್ಟಿದ್ದೆ. ಎಚ್ಚರಿಕೆ ಕೊಡಬಲ್ಲ ಗುರುತು ನನ್ನ ಟಿಪ್ಪಣಿಯಲ್ಲೇ ಇತ್ತು. ಆ ಕಾಲದ ಅನೇಕ ಮುದ್ರಣಗಳಲ್ಲಿ ಕಂಡಕ್ಟರ್ ಕಿವಿಗೆ ಕ್ಲಿಕ್ ಟ್ರ್ಯಾಕ್, ಅಂದರೆ ಲಯ ತೋರಿಸುವ ಟಕ್ ಟಕ್ ಸದ್ದು, ಬರುತ್ತಿತ್ತು, ಅದರ ವೇಗವನ್ನು ಫ್ರೇಮ್‌ಗಳಲ್ಲೇ ಹೇಳುತ್ತಿದ್ದರು. ನಿಮಿಷಕ್ಕೆ 1,440 ಫ್ರೇಮ್ ಆದ್ದರಿಂದ 12 ಫ್ರೇಮಿಗೊಂದು ಕ್ಲಿಕ್ ಎಂದರೆ ನಿಮಿಷಕ್ಕೆ 120, 15 ಫ್ರೇಮಿಗೊಂದು ಎಂದರೆ 96. ನಾನು ಅಳೆದು ಬರೆದುಕೊಂಡಿದ್ದುದು 125 ಮತ್ತು 100. ಎರಡನ್ನೂ 24/25ಕ್ಕೆ ಇಳಿಸಿದರೆ ಬರುವುದು ಸರಿಯಾಗಿ 120 ಮತ್ತು 96. ಅಂದು ಆ ಮೂರು ತುಣುಕುಗಳನ್ನು ಪಕ್ಕಕ್ಕಿಟ್ಟು ಉಳಿದವನ್ನು ಮುದ್ರಿಸಿದರು. ನಾನು ರಾತ್ರಿಯಿಡೀ ಕುಳಿತು ಪಾರ್ಟ್‌ಗಳನ್ನು ಇಳಿಸಿ ಬರೆದೆ. ಮರುದಿನ ಅದೇ ವಾದಕರು, ಅದೇ ಕೋಣೆ, ಅವೇ ಮೈಕುಗಳು. ಎರಡನೆಯ ಟೇಕೇ ಆಲ್ಬಮ್ಮಿಗೆ ಹೋಯಿತು.

ಕಾಗದ ಸರಿಯಾದರೆ ಎಲ್ಲವೂ ಸರಿಯಾಯಿತು ಎಂದೇನಲ್ಲ. ಚಿತ್ರವಿಲ್ಲದೆ ನುಡಿಸುವಾಗ ಲಯ ತನ್ನಷ್ಟಕ್ಕೆ ಸಡಿಲವಾಗುತ್ತದೆ, ಇಂಪಾದ ಕಡೆಯಲ್ಲೆಲ್ಲ ಕಂಡಕ್ಟರ್ ಒಂದಿಷ್ಟು ತಂಗುತ್ತಾರೆ. ಬರ್ನಾರ್ಡ್ ಹರ್ಮನ್ 1960ರ ‘ಸೈಕೋ’ ಚಿತ್ರಕ್ಕೆ ತಂತಿವಾದ್ಯಗಳಿಗಷ್ಟೇ ಬರೆದ ಸಂಗೀತವನ್ನು 1975ರಲ್ಲಿ ಅದೇ ನ್ಯಾಷನಲ್ ಫಿಲ್ಹಾರ್ಮೋನಿಕ್‌ನೊಂದಿಗೆ ತಾವೇ ಮತ್ತೆ ಮುದ್ರಿಸಿದರು. ಅದು ಚಿತ್ರದಲ್ಲಿರುವುದಕ್ಕಿಂತ ಎದ್ದು ಕಾಣುವಷ್ಟು ನಿಧಾನ. ಬರೆದವರೇ ಹಾಗೆ ಮಾಡಿದ ಮೇಲೆ ಬೇರೆಯವರನ್ನು ಏನು ಹೇಳುವುದು? ಸಂಗೀತ ಕಛೇರಿಯಲ್ಲಿ ಕುಳಿತು ಕೇಳುವ ಕೃತಿಯಾಗಿ ಆ ನಿಧಾನಕ್ಕೆ ತನ್ನದೇ ಗಾಂಭೀರ್ಯವಿದೆ ಎನ್ನುವವರಿದ್ದಾರೆ. ನನಗಂತೂ ಬೆನ್ನಟ್ಟಿ ಬರುತ್ತಿದ್ದವನು ನಡುದಾರಿಯಲ್ಲಿ ದಣಿವಾರಿಸಿಕೊಂಡಂತೆ ಅನ್ನಿಸುತ್ತದೆ. ಈಗ ಪ್ರತಿ ತುಣುಕಿನ ಸ್ಕೋರ್‌ನ ತಲೆಯ ಮೇಲೆ ಮೂಲದ ಅವಧಿಯನ್ನು ಸೆಕೆಂಡುಗಳಲ್ಲಿ ಬರೆದು ಕೊಡುವ ರೂಢಿ ಇಟ್ಟುಕೊಂಡಿದ್ದೇನೆ. ಕಂಡಕ್ಟರ್ ಅದನ್ನು ಮೀರಬಹುದು, ಆದರೆ ತಿಳಿದು ಮೀರಲಿ.

ಇನ್ನೊಂದು ತೊಡಕು ಸಮತೋಲನದ್ದು. ಹಳೆಯ ಸ್ಟುಡಿಯೋಗಳಲ್ಲಿ ಮೆಲುದನಿಯ ಹಾರ್ಪನ್ನೋ ಆಲ್ಟೋ ಫ್ಲೂಟನ್ನೋ ಮೈಕಿನ ಬಳಿಯೇ ಕೂರಿಸಿ, ಹಿತ್ತಾಳೆ ವಾದ್ಯಗಳ ಮೇಲೂ ಅದು ಕೇಳುವಂತೆ ಮಾಡುತ್ತಿದ್ದರು. ಸ್ವರಲಿಪಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಅಂಥ ಸಂಗೀತವನ್ನು ದೊಡ್ಡ ಸಭಾಂಗಣದಲ್ಲಿ, ಇಡೀ ವೃಂದವನ್ನು ದೂರದ ಮೈಕುಗಳಿಂದ ಹಿಡಿದು ಮುದ್ರಿಸಿದರೆ ಹಾರ್ಪ್ ಮಾಯವಾಗುತ್ತದೆ. ನಲವತ್ತು ಸೆಕೆಂಡಿನ ತುಣುಕು ಥಟ್ಟನೆ ನಿಲ್ಲಬೇಕಾದಲ್ಲಿ ಅನುರಣನ ಅದನ್ನು ಎಳೆದುಕೊಂಡು ಹೋಗುತ್ತದೆ. ತಂತಿವಾದ್ಯಗಳು ಹೆಚ್ಚಿದಷ್ಟೂ ಶ್ರೀಮಂತ ಎಂಬ ನಂಬಿಕೆಯನ್ನೂ ನಾನು ಬಿಟ್ಟಿದ್ದೇನೆ. ಒಮ್ಮೆ ಮೊದಲ ಪಿಟೀಲುಗಳನ್ನು ಹದಿನಾರರಿಂದ ಹನ್ನೆರಡಕ್ಕೆ ಇಳಿಸಿ ಎಂದು ಕೇಳಿದಾಗ ನಿರ್ಮಾಪಕರು ಹುಬ್ಬೇರಿಸಿದ್ದರು. ಮುದ್ರಣ ಕೇಳಿದ ಮೇಲೆ ಹದಿನಾರರ ಮಾತು ಎತ್ತಲಿಲ್ಲ.

ಹಾಲಿವುಡ್ ಸ್ಟುಡಿಯೋಗಳ ಕರಾರು ವಾದ್ಯವೃಂದಗಳನ್ನು ನಾವು ಸರಿಗಟ್ಟಲಾರೆವು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ವರ್ಷಗಟ್ಟಲೆ ಒಬ್ಬರ ಪಕ್ಕದಲ್ಲೊಬ್ಬರು ಕುಳಿತು ನುಡಿಸಿದವರು ಅವರು. 1958ರ ವಾದಕರ ಮುಷ್ಕರದೊಂದಿಗೆ ಆ ಪದ್ಧತಿಯೇ ಮುಗಿಯಿತು. ಅವರು ಸ್ವರದಿಂದ ಸ್ವರಕ್ಕೆ ಜಾರುತ್ತಿದ್ದ ರೀತಿಯನ್ನು ಪಾರ್ಟ್‌ನಲ್ಲಿ ಗೆರೆ ಎಳೆದು ತೋರಿಸಿದರೆ ಇಂದಿನ ವಾದಕರು ನುಡಿಸುತ್ತಾರೆ, ಆದರೆ ಅನುಕರಣೆಯಂತೆ ಕೇಳಿಸುತ್ತದೆ. ಹಾಗಾಗಿ ಆ ಗೆರೆಗಳನ್ನು ಎಳೆಯುವುದನ್ನು ನಿಲ್ಲಿಸಿದ್ದೇನೆ.

ಜಿ ಮೇಜರ್‌ಗೆ ಇಳಿಸಿದ ಆ ಆಲ್ಬಮ್ ಬಂದು ಕೆಲವು ವರ್ಷಗಳ ಮೇಲೆ ಅದೇ ಚಿತ್ರದ ಪೆನ್ಸಿಲ್ ಕರಡಿನ ಕೆಲವು ಪುಟಗಳ ನಕಲು ನನ್ನ ಕೈಗೆ ಬಂತು. ಶ್ರುತಿ ಸರಿಯಿತ್ತು, ಕ್ಲಿಕ್ಕೂ ಸರಿಯಿತ್ತು. ಎರಡನೆಯ ತುಣುಕಿನಲ್ಲಿ ನಾನು ಇಂಗ್ಲಿಷ್ ಹಾರ್ನ್ ಎಂದು ಬರೆದಿದ್ದ ಎಂಟು ಬಾರ್‌ಗಳು ಮಾತ್ರ ಮ್ಯೂಟ್ ಹಾಕಿದ ವಯೋಲಾ ಮತ್ತು ಬಾಸೂನ್ ಒಟ್ಟಿಗೆ ನುಡಿಸಬೇಕಾದವು. ಆಲ್ಬಮ್ಮಿನಲ್ಲಿ ಅಲ್ಲಿ ಇಂದಿಗೂ ಇಂಗ್ಲಿಷ್ ಹಾರ್ನೇ ಇದೆ.